ಐದನೇ ಪುಟದ ಅಭಿನಂದನೆ

ಬ್ಯಾಡಗಿ
೧೮-೮-೨೦೦೬

ಚಿ. ನಾಗಲಕ್ಷ್ಮಿಗೆ ಹೊಳಿಯಪ್ಪ ಕಾಕಾನ ಆಶೀರ್ವಾದ.

ಇಲ್ಲಿ ಎಲ್ಲರೂ ಸೀನುತ್ತ ಸುಖವಾಗಿದ್ದೇವೆ. ಕೋಲ್ಡ್ ಸ್ಟೋರೇಜಿನಿಂದ ಹಳೆಯ ಮೆಣಸಿನಕಾಯಿ ಹೊರಗೆ ತೆಗೆಯುತ್ತಿದ್ದಾರೆ, ಸ್ಟೇಷನ್ ರಸ್ತೆಯಲ್ಲಿ ಓಡಾಡುವವರೆಲ್ಲ ಮೂಗಿಗೆ ಟವೆಲ್ ಹಿಡಿದೇ ಮಾತಾಡುತ್ತಾರೆ. ನನಗೆ ಮೊದಲೇ ಕಿವಿ ಮಂದ. ಬಾಯಿಯೂ ಕಾಣದಿದ್ದರೆ ಯಾರು ಏನೆಂದರೆಂದು ತಿಳಿಯುವುದು ಹೇಗೆ? ಎಲ್ಲದಕ್ಕೂ ಹೂಂ ಅನ್ನುತ್ತಿದ್ದೇನೆ.

ನಾಗೂ, ಪಂಚಮಿಗೆ ಬಂದವಳು ಹೊರಡುವ ಹೊತ್ತಿಗೆ ಚಿಗವ್ವನ ಹತ್ತಿರ ಏನೋ ಹೇಳಿ ಬಸ್ ಹತ್ತಿದೆ. ಏನದು ಎಂದು ಕೇಳಿದರೆ ನಿನ್ನ ಚಿಗವ್ವ ಭರಮವ್ವ ಬಾಯಿ ಬಿಡಲೊಲ್ಲಳು. ಮೊನ್ನೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ನನ್ನ ಬಲಗಿವಿಗೆ ಬಾಯಿ ಹಚ್ಚಿ, "ನಾಗಿ ಪೇಪರ್ ಕೆಲಸಾ ಬಿಡತಾಳಂತ. ನಿಮಗ ಹೇಳಬ್ಯಾಡ ಅಂದಾಳ" ಎಂದಳು. ಹೇಳಬೇಡವೆಂದದ್ದನ್ನು ಓಣಿಗೆಲ್ಲ ಕೇಳುವಂತೆ ಹೇಳಿದಳು.

ಅಂದಿನಿಂದ ನನ್ನ ಜೀವ ಒಂದು ಕಡೆ ನಿಲ್ಲುತ್ತಿಲ್ಲ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು ಪೇಪರ್ ಹಂಚಲು ನಿಂತವನು ನಾನು. ಸರಿಯಾಗಿ ಓದಲು ಕಲಿತದ್ದು ಹಂಚಿ ಉಳಿದ ಪೇಪರಿನಿಂದಲೇ. ಮುಂದೆ ಈ ಊರಿನ ಏಜೆಂಟನಾದೆ. ನೀನು ಹಾವೇರಿಯ ವರದಿಗಾರ್ತಿಯಾದ ಮೇಲೆ, ಮುಂಜಾನೆ ಗಂಟಿನ ಸುತಳಿ ಕೊಯ್ದ ಕೂಡಲೇ ನಾನು ತೆಗೆಯುವುದು ಐದನೇ ಪುಟ. ಹಾವೇರಿ ಸುದ್ದಿ ಬರುವುದು ಅಲ್ಲೇ ತಾನೆ. ದೇಶದ ಸುದ್ದಿ ಆಮೇಲೆ.

ಹೆದರಿಕೆಯಾದರೆ ನನಗೆ ಸುಮ್ಮನೆ ಕೂಡಲಾಗುವುದಿಲ್ಲ. ನಿನ್ನ ಹೆಸರು ಹೇಳದೆ, ಪೇಪರಿನವರು ಪೇಪರ್ ಬಿಟ್ಟರೆ ಏನು ಮಾಡಬಹುದೆಂದು ನಾಲ್ಕು ಜನರನ್ನು ಕೇಳಿದೆ. ಚಹಾದಂಗಡಿ ದಾದಾಸಾಬ, "ಏನ್ ಮಾಡತಾರ್ರಿ, ಇಲೆಕ್ಷನ್ನಿಗೆ ನಿಂದರತಾರ" ಎಂದ. ಅವನನ್ನು ಬಿಡು. ಬಿ.ಎಡ್. ಮಾಡಿದರೆ ಸಾಲಿ ಕೆಲಸ ಸಿಗುತ್ತದೆಯಂತೆ. ಧಾರವಾಡದ ಆಕಾಶವಾಣಿಯಲ್ಲಿ ಆಗಾಗ ಕರೆಯುತ್ತಾರಂತೆ. ಇಲ್ಲಿಯ ಕೋಲ್ಡ್ ಸ್ಟೋರೇಜಿನವರಿಗೆ ಹೊರಗಿನ ವ್ಯಾಪಾರಸ್ಥರಿಗೆ ಇಂಗ್ಲಿಷಿನಲ್ಲಿ ಬರೆಯಬಲ್ಲ ಒಬ್ಬರು ಬೇಕಾಗಿದ್ದಾರೆ. ಆದರೆ ದಿನವಿಡೀ ಸೀನುತ್ತ ಕೂಡಬೇಕು.

ಬೈದವರು ಯಾರು? ಸಂಬಳ ಸಾಲದೆ? ಖರೇ ಬರೆ. ಫೋನ್ ಮಾಡಬೇಡ. ಫೋನಿನಲ್ಲಿ ನನಗೆ ಗುಂಯ್ ಅನ್ನುವುದಷ್ಟೇ ಕೇಳುತ್ತದೆ, ನಿನ್ನ ಚಿಗವ್ವ ನಡುವೆ ನಿಂತರೆ ಅರ್ಧ ತನ್ನದೇ ಸೇರಿಸುತ್ತಾಳೆ.

ನಿನ್ನ ಕಾಕಾ
ಹೊಳಿಯಪ್ಪ


ಹಾವೇರಿ
೨೫-೮-೨೦೦೬

ಕಾಕಾ, ನಮಸ್ಕಾರ.

ಚಿಗವ್ವನಿಗೆ ಗುಟ್ಟು ಹೇಳಿದ್ದು ನನ್ನದೇ ತಪ್ಪು. ಅವ್ವನಿಗೆ ಇನ್ನೂ ಹೇಳಿಲ್ಲ. ದಯವಿಟ್ಟು ಈ ಮಾತು ಹಾವೇರಿಗೆ ಬಾರದಿರಲಿ.

ಬೈದವರು ಯಾರೂ ಇಲ್ಲ. ಸಂಬಳ ಸಾಲದು, ಆದರೆ ಅದು ಇಂದಿನ ಮಾತಲ್ಲ. ದಸರಾ ಪುರವಣಿಗೆ ಜಿಲ್ಲೆಯಿಂದ ಇಷ್ಟು ಜಾಹೀರಾತು ಬರಲೇಬೇಕೆಂದು ಹುಬ್ಬಳ್ಳಿಯ ಪೇಪರ್ ಕಚೇರಿಯಿಂದ ಹೇಳಿ ಕಳಿಸಿದ್ದಾರೆ. ಜಾಹೀರಾತಿನ ಹುಡುಗ ಬಿಟ್ಟುಹೋದ ಮೇಲೆ ಆ ಕೆಲಸವೂ ವರದಿಗಾರರ ಹೆಗಲಿಗೇ ಬಂದಿದೆ. ಒಂದು ವಾರ ಒಬ್ಬ ಗುತ್ತಿಗೆದಾರನ ಎದುರು ಕುಳಿತು ಕಾಲುವೆ ಯಾಕೆ ಕುಸಿಯಿತೆಂದು ಕೇಳುತ್ತೇನೆ. ಮುಂದಿನ ವಾರ ಅದೇ ಕುರ್ಚಿಯಲ್ಲಿ ಕುಳಿತು ಅರ್ಧ ಪುಟ ಕೊಡಿ ಎನ್ನುತ್ತೇನೆ. ಆತ ಚಹಾ ತರಿಸುತ್ತಾನೆ, ಸಣ್ಣಗೆ ನಗುತ್ತಾನೆ. ಆ ಚಹಾ ಕುಡಿದು ಬರುವುದು ನನ್ನಿಂದ ಆಗುತ್ತಿಲ್ಲ.

ನೀನು ಬರೆದದ್ದನ್ನೆಲ್ಲ ನಾನೂ ಎಣಿಸಿ ನೋಡಿದ್ದೇನೆ. ಬಿ.ಎಡ್. ಮಾಡಿ ಹೊರಗೆ ಬರುವಷ್ಟರಲ್ಲಿ ಸರ್ಕಾರಿ ಕೆಲಸದ ವಯಸ್ಸು ಮುಗಿದಿರುತ್ತದೆ. ನನ್ನ ಜೊತೆ ಪೇಪರಿಗೆ ಸೇರಿ, ಆಮೇಲೆ ಬಿಟ್ಟುಹೋದವರಲ್ಲಿ ಒಬ್ಬ ರಾಣೆಬೆನ್ನೂರಿನಲ್ಲಿ ಸೈಟ್ ಮಾರುತ್ತಾನೆ, ಇನ್ನೊಬ್ಬ ಒಬ್ಬ ಪುಢಾರಿಗೆ ಭಾಷಣ ಬರೆದುಕೊಡುತ್ತಾನೆ, ಮತ್ತೊಬ್ಬಳು ಝೆರಾಕ್ಸ್ ಅಂಗಡಿ ಇಟ್ಟಿದ್ದಾಳೆ. ಯಾರು ಸಿಕ್ಕರೂ "ಮತ್ತೇನ್ ಸುದ್ದಿ" ಎಂದು ನನ್ನನ್ನೇ ಕೇಳುತ್ತಾರೆ. ಯಾರೂ ತಮ್ಮ ಕೆಲಸದ ಮಾತು ತೆಗೆಯುವುದಿಲ್ಲ. ಅದನ್ನು ಕಂಡೇ ಹೆದರಿಕೆ.

ಇನ್ನೊಂದು ಕೆಲಸ ಕೈಯಲ್ಲಿದೆ. ಅದು ಮುಗಿದ ಮೇಲೆ ನೋಡೋಣ.

ನಾಗೂ


ಬ್ಯಾಡಗಿ
೫-೯-೨೦೦೬

ಚಿ. ನಾಗೂಗೆ ಆಶೀರ್ವಾದ.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಆ ನಗು ನನಗೂ ಗೊತ್ತು. ಪೇಪರಿನ ಬಿಲ್ಲು ಕೇಳಲು ಹೋದಾಗ ದೊಡ್ಡ ಅಂಗಡಿಯವರು ಹಾಗೆಯೇ ನಗುತ್ತಾರೆ. ಆದರೆ ನಾನು ಬಿಲ್ಲು ಕೇಳುವವನು, ನೀನು ಪ್ರಶ್ನೆ ಕೇಳುವವಳು. ನಿನಗದು ಹೆಚ್ಚು ಚುಚ್ಚುವುದು ಸಹಜ. ಕೈಯಲ್ಲಿರುವ ಕೆಲಸ ಎಂದರೆ ಆ ದಸರಾ ಜಾಹೀರಾತೇ ಇರಬೇಕು. ಲಗೂ ಮುಗಿಸು.

ಕಾಕಾನ ಮೇಲೆ ಸಿಟ್ಟಾಗಬೇಡ. ಒಬ್ಬರ ಕಿವಿಗೆ ಒಂದು ಮಾತು ಹಾಕಿದ್ದೇನೆ. ಯಾರು, ಎಲ್ಲಿ ಎಂದು ಈಗ ಹೇಳುವುದಿಲ್ಲ, ಆಗದಿದ್ದರೆ ನನ್ನ ಮುಖವೂ ಸಣ್ಣದಾಗುತ್ತದೆ. ಆದರೆ ದೊಡ್ಡ ಕೆಲಸವೇ. ಕುರ್ಚಿ, ಟೇಬಲ್, ಫ್ಯಾನು ಎಲ್ಲ ಇರುವಂಥದು.

ನಿನ್ನೆ ದಾದಾಸಾಬ ಒಂದು ಜಾಹೀರಾತು ತಂದಿದ್ದ. ಅವನ ಅಳಿಯನಿಗೆ ಲೈನ್‌ಮನ್ ಕೆಲಸ ಸಿಕ್ಕಿತಂತೆ. ನಡುವೆ ಅಳಿಯನ ಫೋಟೋ, ಸುತ್ತಲೂ ಶುಭ ಕೋರುವವರು. ಯಾರ ಫೋಟೋ ಮೇಲೆ, ಯಾರದು ಕೆಳಗೆ ಎಂದು ಬೀಗರಲ್ಲಿ ಜಗಳವಾಗಿ ಸಂಜೆಯ ತನಕ ನನ್ನ ಅಂಗಡಿಯ ಕಟ್ಟೆ ಬಿಡಲಿಲ್ಲ. ಈ ಊರಲ್ಲಿ ಯಾರಿಗೆ ಏನು ಒಳ್ಳೆಯದಾದರೂ ಪೇಪರಿನಲ್ಲಿ ಅಭಿನಂದನೆ ಹಾಕಿಸದಿದ್ದರೆ ಅದು ಆದಂತೆಯೇ ಅಲ್ಲ. ಎಷ್ಟು ಮನೆಯದನ್ನು ಹುಬ್ಬಳ್ಳಿಗೆ ಕಳಿಸಿದ್ದೇನೋ ನಾನು. ನಮ್ಮ ಮನೆಯದು ಒಂದೂ ಬಂದಿಲ್ಲ. ಹೊಟ್ಟೆಕಿಚ್ಚಲ್ಲ, ಸುಮ್ಮನೆ ಹೇಳಿದೆ.

ಊಟ ಬಿಡಬೇಡ. ಪಂಚಮಿಯಲ್ಲಿ ಜೋಕಾಲಿ ಆಡುವಾಗ ನಿನ್ನ ಕತ್ತಿನ ಎಲುಬು ಕಾಣುತ್ತಿತ್ತು.

ಹೊಳಿಯಪ್ಪ ಕಾಕಾ


ಹಾವೇರಿ
೧೨-೯-೨೦೦೬

ಕಾಕಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ಸೋಮವಾರ ರಾಣೆಬೆನ್ನೂರಿನ ಹೊನ್ನತೆನೆ ಸೀಡ್ಸ್ ಎಂಬ ಬೀಜದ ಕಂಪನಿಯವರು ಕರೆಸಿದ್ದರು. ಪ್ರಚಾರ ಅಧಿಕಾರಿಯ ಕೆಲಸ. ಸಂಬಳ ಈಗಿನದಕ್ಕಿಂತ ದುಪ್ಪಟ್ಟಿಗೂ ಮೇಲೆ. ರೈತರಿಗೆ ಹಂಚುವ ಪುಸ್ತಿಕೆ ಬರೆಯಬೇಕು, ಬೆಳೆಯ ಫೋಟೋ ತೆಗೆಸಬೇಕು, ಪತ್ರಿಕೆಯವರು ಬಂದರೆ ಮಾತಾಡಬೇಕು. ದೀಪಾವಳಿಗೆ ಸೇರಿರಿ, ದಸರಾ ಮುಗಿದ ವಾರದಲ್ಲಿ ಉತ್ತರ ಕೊಡಿರಿ ಎಂದರು. ಪರೀಕ್ಷೆಯಿಲ್ಲ, ನನ್ನ ಒಂದು ಬರಹ ಕೂಡ ಕೇಳಲಿಲ್ಲ. ಮಾಲೀಕರು ಬಾಗಿಲ ತನಕ ಬಂದು ಕಳಿಸಿದರು.

ನಾನು ಅರ್ಜಿ ಹಾಕಿರಲಿಲ್ಲ ಕಾಕಾ. ಕೇಳದೆ ಯಾರಾದರೂ ಕೆಲಸ ಕೊಡುತ್ತಾರೆಯೇ? ಅದೂ ಈಗಲೇ? ನನಗೆ ಖುಷಿಯಾಗಬೇಕಿತ್ತು. ಆದರೆ ಹೆದರಿಕೆಯೇ ಹೆಚ್ಚು.

ಕೈಯಲ್ಲಿ ಒಂದು ಕೆಲಸ ಇದೆ ಎಂದಿದ್ದೆನಲ್ಲ. ಅದು ಮುಗಿಯುವ ತನಕ ಹೌದು ಎನ್ನಲೂ ಆಗುವುದಿಲ್ಲ, ಇಲ್ಲ ಎನ್ನಲೂ ಆಗುವುದಿಲ್ಲ. ನಿನ್ನ ಅಂಗಡಿಯ ಮುಂದೆ ಇಡೀ ಊರೇ ಕುಳಿತಿರುತ್ತದೆ, ಅದಕ್ಕೇ ಹೆಚ್ಚು ಬರೆಯುವುದಿಲ್ಲ.

ನಾಗೂ


ಬ್ಯಾಡಗಿ
೧೬-೯-೨೦೦೬

ಮಗಳೇ,

ನಿನ್ನ ಪತ್ರ ಓದಿ ನಿನ್ನ ಚಿಗವ್ವನಿಗೆ ತೋರಿಸಿದೆ. ಅವಳಿಗೆ ಓದಲು ಬರುವುದಿಲ್ಲ, ಆದರೂ ಕಾಗದವನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು. ಮಧ್ಯಾಹ್ನ ಹೋಳಿಗೆ ಆಯಿತು. ಕಿವುಡನಾದರೂ ಅವಳು ಹಾಡಿದ್ದು ನನಗೆ ಕೇಳಿಸಿತು ಎಂದರೆ ನೋಡು.

ಯಾಕೆ ಹೆದರುತ್ತಿ? ಇಷ್ಟು ವರ್ಷ ಬಿಸಿಲಲ್ಲಿ ತಿರುಗಿ ಬರೆದದ್ದನ್ನು ಜನ ಓದಿಲ್ಲವೇ? ಹೆಸರು ಕೇಳಿ ಕರೆದಿದ್ದಾರೆ. ಚಲೋ ಕೆಲಸ ಬಂದಾಗ ಹೀಗೆ ಹಿಂಜರಿಯುವುದು ನಮ್ಮ ಮನೆತನದ ಗುಣ. ನಿಮ್ಮಪ್ಪನಿಗೆ ಗುತ್ತಲದ ಸೊಸೈಟಿಯಲ್ಲಿ ಸೆಕ್ರೆಟರಿ ಕೆಲಸ ಬಂದಾಗ ಎರಡು ದಿನ ಹೊಲ ಬಿಟ್ಟು ಮನೆಗೆ ಬಂದಿರಲಿಲ್ಲ. ನೀನೂ ಹಾಗೇ ಮಾಡಬೇಡ. ದಸರಾ ಜಾಹೀರಾತು ಮುಗಿಸಿ, ಉತ್ತರ ಕೊಟ್ಟುಬಿಡು. ಮುಂದೆ ಯಾವನ ಚಹಾವನ್ನೂ ಮನಸ್ಸಿಲ್ಲದೆ ಕುಡಿಯಬೇಕಾಗಿಲ್ಲ.

ಬರುವ ಭಾನುವಾರದಾಚೆಯ ಭಾನುವಾರ, ಅಂದರೆ ೨೪ಕ್ಕೆ, ಪೇಪರ್ ಬಂದ ಕೂಡಲೇ ಐದನೇ ಪುಟ ತೆಗೆದು ನೋಡು. ಮತ್ತೇನೂ ಹೇಳುವುದಿಲ್ಲ.

ಕಾಕಾ


ಹಾವೇರಿ
೨೧-೯-೨೦೦೬

ಕಾಕಾ,

ನಿನ್ನ ಪತ್ರದ ಕೊನೆಯ ಸಾಲು ನನಗೆ ಅರ್ಥವಾಗಲಿಲ್ಲ. ಅದೇನಿದ್ದರೂ ತಡೆ. ಇನ್ನು ಮುಚ್ಚಿಟ್ಟು ಉಪಯೋಗವಿಲ್ಲ, ಎಲ್ಲ ಹೇಳುತ್ತೇನೆ.

ಕೈಯಲ್ಲಿದ್ದ ಕೆಲಸ ದಸರಾ ಜಾಹೀರಾತಲ್ಲ. ಅಗಡಿ ಸುತ್ತಮುತ್ತ ಈ ಸಲ ಹೊನ್ನತೆನೆಯವರ ಗೋವಿನಜೋಳ ಬಿತ್ತಿದವರ ಹೊಲಗಳಲ್ಲಿ ತೆನೆಗೆ ಕಾಳೇ ಕಟ್ಟಿಲ್ಲ. ಹೊರಗಿನಿಂದ ನೋಡಿದರೆ ಪೈರು ಆಳೆತ್ತರ. ಸುಲಿದರೆ ಬರೀ ಬೆಂಡು. ಕೃಷಿ ವಿಜ್ಞಾನಿಗಳು ಬಂದು ನೋಡಿ, ಬೀಜದ ದೋಷ ಎಂದು ಬರೆದುಕೊಟ್ಟಿದ್ದಾರೆ. ಅದರ ಪ್ರತಿ ನನ್ನ ಹತ್ತಿರ ಇದೆ. ಮೊದಲು ಯಾರೂ ಹೆಸರು ಹೇಳಿ ಮಾತಾಡಲು ಒಪ್ಪಲಿಲ್ಲ, ಮುಂದಿನ ವರ್ಷ ಬೀಜ ಕೊಡುವವರು ಅವರೇ ಎಂಬ ಹೆದರಿಕೆ. ಫಕ್ಕೀರಸಾಬ ಎಂಬ ರೈತ ಮೊದಲು ಬಾಯಿಬಿಟ್ಟ. ಅವನ ಮಾತಿನ ಮೇಲೆ ಉಳಿದವರು ಬಂದರು. ನನ್ನನ್ನು ನಂಬಿ ಬಂದರು.

ವರದಿ ಬರೆದಾಗಿದೆ. ಹುಬ್ಬಳ್ಳಿಯಲ್ಲಿ ಇನ್ನೂ ಹಿಡಿದುಕೊಂಡಿದ್ದಾರೆ, ದಸರಾ ಪುರವಣಿಯ ಹಿಂಬದಿ ಪುಟ ಅದೇ ಕಂಪನಿಯದು. ಪುರವಣಿ ಮುಗಿದ ಮೇಲೆ ಹಾಕುತ್ತೇವೆ ಎಂದಿದ್ದಾರೆ. ಅಷ್ಟರಲ್ಲಿ ಈ ಕೆಲಸದ ಕರೆ. ನನ್ನ ಬಾಯಿ ಕಟ್ಟಲೆಂದೇ ಕರೆದಿದ್ದಾರೆ ಕಾಕಾ. ಆದರೂ ಸಂಬಳದ ಮಾತು ಕೇಳಿದ ದಿನ, ಅವ್ವನ ಮೊಣಕಾಲಿನ ಆಪರೇಷನ್ ಮಾಡಿಸಬಹುದು ಎಂದು ನನ್ನ ಮನಸ್ಸೂ ಲೆಕ್ಕ ಹಾಕಿತು. ಅದಕ್ಕೇ ಕೂಡಲೇ ಇಲ್ಲ ಎನ್ನದೆ ಬಂದೆ. ವರದಿ ಬಂದ ಮೇಲೂ ಅವರು ಕರೆದರೆ ನಿಜವಾದ ಕೆಲಸ ಎಂದು ನನಗೆ ನಾನೇ ಹೇಳಿಕೊಂಡೆ.

ನಾನು ಅಲ್ಲಿಗೆ ಹೋಗುತ್ತೇನೆಂಬ ಮಾತು ಈಗ ಹೊರಬಿದ್ದರೆ ಎಲ್ಲ ಮುಗಿಯಿತು. ಕೈಮುಗಿಯುತ್ತೇನೆ, ಯಾರಿಗೂ ಹೇಳಬೇಡ.

ನಾಗೂ


ಬ್ಯಾಡಗಿ
೨೫-೯-೨೦೦೬, ಸೋಮವಾರ

ನಾಗೂ,

ನಡುವೆ ಅಮಾವಾಸ್ಯೆಯ ರಜೆ, ಭಾನುವಾರ. ನಿನ್ನ ಪತ್ರ ಇಂದು ಬಂತು. ಜಾಹೀರಾತು ನಿನ್ನೆ ಬಂತು.

ನೀನೂ ನೋಡಿರುತ್ತಿ. ನಡುವೆ ನಿನ್ನ ಫೋಟೋ, ಪಂಚಮಿಯ ದಿನ ತೆಗೆದದ್ದು, ಕತ್ತರಿಸಿದರೂ ಒಂದು ಬದಿಗೆ ಜೋಕಾಲಿಯ ಹಗ್ಗ ಉಳಿದುಬಿಟ್ಟಿದೆ. ಸುತ್ತ ನಾನು, ನಿನ್ನ ಚಿಗವ್ವ, ದಾದಾಸಾಬ. "ಪ್ರತಿಷ್ಠಿತ ಹೊನ್ನತೆನೆ ಸೀಡ್ಸ್ ಕಂಪನಿಯ ಪ್ರಚಾರ ಅಧಿಕಾರಿಯಾಗಿ ಆಯ್ಕೆಯಾದ ನಮ್ಮ ಮನೆತನದ ಹೆಮ್ಮೆ, ದಿಟ್ಟ ಪತ್ರಕರ್ತೆ ಕು. ನಾಗಲಕ್ಷ್ಮಿಯವರಿಗೆ ಹಾರ್ದಿಕ ಅಭಿನಂದನೆಗಳು." ಏಜೆಂಟರ ಜಾಹೀರಾತು ನೇರ ಹುಬ್ಬಳ್ಳಿಗೆ ಹೋಗುತ್ತದೆ, ನಿನ್ನ ಕಣ್ಣಿಗೆ ಬೀಳುವುದಿಲ್ಲ ಎಂದು ಗೊತ್ತಿತ್ತು. ಅದೇ ಮೋಜೆಂದು ತಿಳಿದಿದ್ದೆ.

ಇನ್ನೊಂದು ಹೇಳಬೇಕು. ಕೇಳದೆ ಯಾರಾದರೂ ಕೆಲಸ ಕೊಡುತ್ತಾರೆಯೇ ಎಂದು ಬರೆದಿದ್ದೆಯಲ್ಲ. ಕೇಳದೆ ಕೊಟ್ಟಿಲ್ಲ ಮಗಳೇ. ನಾನು ಕೇಳಿದ್ದೆ. ಆ ಕಂಪನಿಯ ಬೀಜ ಅಂಗಡಿಗಳಿಗೆ ಹಾಕುವ ದುರ್ಗೇಶ ವಾರಕ್ಕೊಮ್ಮೆ ಬ್ಯಾಡಗಿಗೆ ಬರುತ್ತಾನೆ, ನನ್ನ ಕಟ್ಟೆಯ ಮೇಲೆ ಕುಳಿತು ಪೇಪರ್ ಓದುತ್ತಾನೆ. ಅವನ ಕಿವಿಗೆ ಹಾಕಿದ್ದೆ. ಪತ್ರದಲ್ಲಿ ಯಾರೆಂದು ಬರೆದಿದ್ದರೆ ನೀನು ಅಂದೇ ತಡೆಯುತ್ತಿದ್ದೆ.

ಅಗಡಿಯವರು ನಿನ್ನೆಯ ಪೇಪರ್ ಓದಿರುತ್ತಾರೆಯೇ? ಅಲ್ಲಿ ನಮ್ಮ ಪೇಪರ್ ಎಷ್ಟು ಹೋಗುತ್ತದೆಂದು ಹಾವೇರಿಯ ಏಜೆಂಟನಿಗೆ ಚಿಗವ್ವನಿಂದ ಫೋನ್ ಮಾಡಿಸಿದೆ. ಕಡಿಮೆ ಇರಲಿ ಎಂದು ಬೇಡಿಕೊಂಡೆ. ಇಷ್ಟು ವರ್ಷಗಳಲ್ಲಿ ನಮ್ಮ ಪೇಪರ್ ಕಡಿಮೆ ಹೋಗಲಿ ಎಂದು ಬೇಡಿಕೊಂಡದ್ದು ಇದೇ ಮೊದಲು.

ಕಾಕಾ


ಹಾವೇರಿ
೨೭-೯-೨೦೦೬

ಕಾಕಾ,

ಓದಿದ್ದಾರೆ. ಫಕ್ಕೀರಸಾಬ ಭಾನುವಾರವೇ ಫೋನ್ ಮಾಡಿದ. ಜಗಳವಾಡಲಿಲ್ಲ. "ಅಕ್ಕಾರ, ಫೋಟೋ ಚಲೋ ಬಂದೈತ್ರಿ" ಎಂದು ಇಟ್ಟುಬಿಟ್ಟ. ಮರುದಿನ ಅಗಡಿಗೆ ಹೋದೆ. ಅವನ ಹೆಂಡತಿ ಸಕೀನಾಬಿ ಬಾಗಿಲಲ್ಲೇ ನಿಂತು, ಮನೆಯಲ್ಲಿ ಇಲ್ಲ ಎಂದಳು. ಒಳಗೆ ಅವನ ಕೆಮ್ಮು ಕೇಳುತ್ತಿತ್ತು.

ಹುಬ್ಬಳ್ಳಿಯ ಮುಖ್ಯಸ್ಥರು ನಾಲ್ಕೇ ಮಾತಾಡಿದರು. ನೀವು ಸೇರಲಿರುವ ಕಂಪನಿಯ ವಿರುದ್ಧ ನೀವು ಬರೆದರೆ, ಸಂಬಳ ಹೆಚ್ಚಿಸಿಕೊಳ್ಳಲು ಬರೆದಳು ಎನ್ನುತ್ತಾರೆ. ಇದರ ಇತ್ಯರ್ಥವಾಗುವ ತನಕ ವರದಿ ಇಲ್ಲ. ಅವರು ಹೇಳಿದ್ದರಲ್ಲಿ ತಪ್ಪಿಲ್ಲ.

ದಸರಾಕ್ಕೆ ಬ್ಯಾಡಗಿಗೆ ಬರುವುದಿಲ್ಲ.

ನಾಗಲಕ್ಷ್ಮಿ


ಬ್ಯಾಡಗಿ
೩೦-೯-೨೦೦೬

ನಾಗೂ,

ನೀನು ಕೆಳಗೆ ಪೂರ್ತಿ ಹೆಸರು ಬರೆದದ್ದನ್ನು ನೋಡಿದೆ.

ನಿನ್ನೆ ಅಗಡಿಗೆ ಹೋಗಿದ್ದೆ. ಹೋಗಬೇಡವೆಂದು ಭರಮವ್ವ ಚಪ್ಪಲಿ ಬಚ್ಚಿಟ್ಟಳು, ಅವಳದನ್ನೇ ಮೆಟ್ಟಿಕೊಂಡು ಹೋದೆ. ಫಕ್ಕೀರಸಾಬ ಹೊಲದಲ್ಲಿದ್ದ. ಜಾಹೀರಾತಿನ ಫೋಟೋದಿಂದ ನನ್ನನ್ನು ಕೂಡಲೇ ಗುರುತು ಹಿಡಿದ. ಬದುವಿನ ಮೇಲೆ ನಿಂತು ಬೈಯತೊಡಗಿದ. ಬಾಯಿ ಆಡುವುದು ಕಾಣುತ್ತಿತ್ತು, ಕೈ ಆಡುವುದು ಕಾಣುತ್ತಿತ್ತು, ಮಾತು ಮಾತ್ರ ಕೇಳಲಿಲ್ಲ. ನಾನು ರೂಢಿಯಂತೆ ಹೂಂ ಅಂದೆ. ಮತ್ತೂ ಹೂಂ ಅಂದೆ. ಅವನಿಗೆ ಸಂಶಯ ಬಂತು. ಹತ್ತಿರ ಬಂದು ಕಿವಿ ತೋರಿಸಿ ಏನೋ ಕೇಳಿದ. ಇಲ್ಲ ಎಂದು ಕೈಯಾಡಿಸಿದೆ. ಅಷ್ಟು ಹೊತ್ತು ಬೈದದ್ದು ವ್ಯರ್ಥವಾಯಿತಲ್ಲ ಎಂದೋ ಏನೋ, ಪಾಪ, ತಲೆಯ ಮೇಲೆ ಕೈ ಹೊತ್ತು ಕುಳಿತುಬಿಟ್ಟ.

ಆಮೇಲೆ ಎದ್ದು ಒಂದು ತೆನೆ ಮುರಿದು ತಂದ. ಸುಲಿದು ನನ್ನ ಕೈಯಲ್ಲಿಟ್ಟ. ಬೆಂಡು. ಇನ್ನೊಂದು ತಂದ. ಅದೂ ಬೆಂಡು. ಹೀಗೆ ನನ್ನ ಮಡಿಲು ತುಂಬುವ ತನಕ ಸುಲಿದು ಹಾಕಿದ. ನೀನು ಪತ್ರದಲ್ಲಿ ಬರೆದದ್ದನ್ನು ಓದಿದ್ದೆ, ಆದರೆ ಇಷ್ಟು ಹಗುರ ಇರುತ್ತವೆ ಎಂದು ತಿಳಿದಿರಲಿಲ್ಲ.

ಬರುವಾಗ ಸಕೀನಾಬಿ ನನ್ನ ಕಿವಿಯ ಹತ್ತಿರ ಕೂಗಿ ಹೇಳಿದ್ದು ಒಂದೇ ಮಾತು: "ಫೋಟೋ ಹಾಕ್ಸಿದ್ದು ನೀವು. ಅದನ್ನ ತಗಸೋರೂ ನೀವೇರಿ."

ಇವತ್ತು ದುರ್ಗೇಶ ಬಂದಿದ್ದ. ಕೇಳಿದೆ. ಅವನು ಮುಚ್ಚಿಡಲಿಲ್ಲ. "ಕಾಕಾರ, ಬ್ಯಾರೆದವರನ್ನ ತಿಂಗಳಗಟ್ಲೆ ಅಡ್ಡಾಡಸ್ತಾರ. ಆಕಿ ಹೆಸರು ಹೇಳಿದ ಕೂಡ್ಲೆ ಮಾಲಕರು, ಲಗೂ ಕರೀರಿ ಅಂದ್ರು" ಎಂದು ಚೀಟಿಯಲ್ಲಿ ಬರೆದು ತೋರಿಸಿದ. ಹಾಗಾದರೆ ನೀನು ತಿಳಿದದ್ದೂ ಸುಳ್ಳಲ್ಲ. ಬಾಗಿಲು ತಟ್ಟಿದವನು ನಾನು, ಆದರೆ ಅವರು ಒಳಗೆ ಕಾಯುತ್ತಲೇ ಇದ್ದರು.

ಒಮ್ಮೆ ಬಂದ ಅಭಿನಂದನೆಯನ್ನು ಹಿಂದಕ್ಕೆ ಪಡೆದವರನ್ನು ನಾನು ಕಂಡಿಲ್ಲ. ಆದರೂ ಒಂದು ಬರೆದಿದ್ದೇನೆ. ಅದೇ ಅಳತೆ, ಅದೇ ಐದನೇ ಪುಟ, ಅದೇ ಭಾನುವಾರ:

"ಸಮಸ್ತ ಓದುಗ ಮಹಾಶಯರಲ್ಲಿ ಬ್ಯಾಡಗಿಯ ಹೊಳಿಯಪ್ಪನು ಶಿರಬಾಗಿ ವಿನಂತಿಸಿಕೊಳ್ಳುವುದೇನೆಂದರೆ, ದಿನಾಂಕ ೨೪ರಂದು ಪ್ರಕಟವಾದ ಅಭಿನಂದನೆಯು ನನ್ನ ಅವಸರದಿಂದಲೂ ಅಜ್ಞಾನದಿಂದಲೂ ಆದುದಾಗಿದ್ದು, ನಮ್ಮ ಪ್ರತಿಭಾವಂತ ಮಗಳಾದ ದಿಟ್ಟ ಪತ್ರಕರ್ತೆ ಕು. ನಾಗಲಕ್ಷ್ಮಿಯವರಿಗೆ ಇದರ ಅರಿವಿರಲಿಲ್ಲವೆಂದೂ, ಅವರು ಸದರಿ ಕಂಪನಿಗೆ ಇನ್ನೂ ಸೇರಿರುವುದಿಲ್ಲವೆಂದೂ ಈ ಮೂಲಕ ತಿಳಿಯಪಡಿಸುತ್ತೇನೆ."

ಬರೆದಿದ್ದೇನೆ, ಕೊಟ್ಟಿಲ್ಲ. ಈ ಸಲ ನಿನ್ನನ್ನು ಕೇಳದೆ ಕೊಡುವುದಿಲ್ಲ. ಇದು ಬಂದರೆ ರಾಣೆಬೆನ್ನೂರಿನ ಕೆಲಸ ಹೋಯಿತು. ಬಾರದಿದ್ದರೆ ಅಗಡಿಯವರು ಹೋದರು. ನನ್ನ ಮನಸ್ಸು ಕೇಳಿದರೆ, ಸುಳ್ಳು ಯಾಕೆ, ಆ ಫ್ಯಾನಿನ ಕೆಳಗೆ ನೀನು ಕುಳಿತದ್ದು ಇನ್ನೂ ಕಣ್ಣ ಮುಂದಿದೆ. ನಿಮ್ಮವ್ವ ಮೆಟ್ಟಿಲು ಹತ್ತುವುದೂ ಕಾಣುತ್ತದೆ. ಮಡಿಲಲ್ಲಿದ್ದ ಬೆಂಡೂ ಕಾಣುತ್ತದೆ. ನನಗೆ ತಿಳಿಯುವುದಿಲ್ಲ ಮಗಳೇ. ಗುರುವಾರದೊಳಗೆ ನಿನ್ನ ಪತ್ರ ಬಂದರೆ ಭಾನುವಾರಕ್ಕೆ ಸೇರುತ್ತದೆ.

ನಿನ್ನ ಕಾಕಾ


ಹಾವೇರಿ
೩-೧೦-೨೦೦೬

ಕಾಕಾ,

ನಿನ್ನ ಜಾಹೀರಾತು ಬಹಳ ಉದ್ದವಾಗಿದೆ. ತಿದ್ದಿ ಕಳಿಸಿದ್ದೇನೆ. ಪ್ರತಿಭಾವಂತ, ದಿಟ್ಟ, ಎರಡನ್ನೂ ತೆಗೆದಿದ್ದೇನೆ.

"ಸೆಪ್ಟೆಂಬರ್ ೨೪ರ ಅಭಿನಂದನೆಯನ್ನು ನನ್ನ ಮಗಳನ್ನು ಕೇಳದೆ ಕೊಟ್ಟವನು ನಾನು. ಅವಳು ಆ ಕಂಪನಿಗೆ ಸೇರಿಲ್ಲ. ಸೇರುವುದೂ ಇಲ್ಲ. ಹೊಳಿಯಪ್ಪ, ಬ್ಯಾಡಗಿ."

ಮೂರನೇ ವಾಕ್ಯ ನಿನ್ನದರಲ್ಲಿ ಇರಲಿಲ್ಲ, ನಾನು ಸೇರಿಸಿದ್ದು. ಅದನ್ನು ಬರೆಯಲು ಟಪಾಲು ಬಂದಾಗಿನಿಂದ ಕುಳಿತಿದ್ದೆ. ಅವ್ವ ಪಕ್ಕದಲ್ಲೇ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಅವಳಿಗೆ ಎಲ್ಲವನ್ನೂ ಹೇಳಿದೆ. ಎಣ್ಣೆಯ ಬಟ್ಟಲು ಬದಿಗಿಟ್ಟು, "ನಿಮ್ಮ ಕಾಕಾಗ ಬೈದು ಬರದೀಯೇನ? ಬೈಬ್ಯಾಡ" ಎಂದಳು. ಆದ್ದರಿಂದ ಬೈದಿಲ್ಲ.

ಪೇಪರ್ ಕೆಲಸ ಬಿಡುವುದಂತೂ ನಿಜ. ಆ ಚಹಾ ಇನ್ನೂ ಇಳಿಯುತ್ತಿಲ್ಲ. ಆದರೆ ಹೊನ್ನತೆನೆಯವರು ತೆಗೆದ ಬಾಗಿಲಿಂದ ಹೊರಗೆ ಹೋಗಲಾರೆ. ಗ್ರಾಹಕರ ನ್ಯಾಯಾಲಯಕ್ಕೆ ಹಾಕಲು ಅಗಡಿಯವರ ದೂರನ್ನು ನಾನೇ ಬರೆದು ಇಟ್ಟಿದ್ದೆ, ವಕೀಲರೊಬ್ಬರು ನೋಡಿ ಎರಡೇ ಕಡೆ ತಿದ್ದಿದರು. ಕಾನೂನು ಓದಲು ವಯಸ್ಸು ಅಡ್ಡಬರುವುದಿಲ್ಲವಂತೆ. ಈ ವರ್ಷದ ಪ್ರವೇಶ ಮುಗಿದಿದೆ, ಮುಂದಿನ ಜೂನ್ ತನಕ ಕಾಯಬೇಕು. ಅಲ್ಲಿಯ ತನಕ ಪೇಪರೇ, ಜಾಹೀರಾತೇ. ಮೂರು ವರ್ಷದ ಓದಿಗೆ ದಾರಿ ಹೇಗೆಂದು ನನಗೂ ಗೊತ್ತಿಲ್ಲ. ಯಾರ ಕಿವಿಗೂ ಹಾಕಬೇಡ.

ನಿನ್ನ ಫೋಟೋ ಒಂದೇ ಇರಲಿ. ನನ್ನದು ಬೇಡ.

ನಾಗೂ


ಬ್ಯಾಡಗಿ
೧೦-೧೦-೨೦೦೬

ಚಿ. ನಾಗೂಗೆ ಆಶೀರ್ವಾದ.

ಭಾನುವಾರದ ಕತೆ ಕೇಳು. ನೀನು ಹೇಳಿದಂತೆ ನನ್ನ ಫೋಟೋ ಒಂದೇ ಹಾಕಿಸಿದೆ. ಹುಬ್ಬಳ್ಳಿಯವರು ಸುತ್ತ ಕಪ್ಪು ಗೆರೆ ಹೊಡೆದು ಚೌಕಟ್ಟು ಮಾಡಿಬಿಟ್ಟಿದ್ದಾರೆ. ಒಬ್ಬನೇ ಮುದುಕ, ಕಪ್ಪು ಚೌಕಟ್ಟು, ಕೆಳಗೆ ಹೆಸರು. ಜನ ಏನು ತಿಳಿದಾರು? ಎಂಟು ಹೊಡೆಯುವಷ್ಟರಲ್ಲಿ ಬಾಗಿಲ ಮುಂದೆ ಮಾಲೆ ಹಿಡಿದುಕೊಂಡು ಬಂದವರಿದ್ದರು. ಬೆಳಿಗ್ಗೆ ನನ್ನ ಕೈಯಿಂದಲೇ ಪೇಪರ್ ತೆಗೆದುಕೊಂಡು ಹೋದವನೂ ಇದ್ದ. ಭರಮವ್ವ ಹಣೆಗೆ ದೊಡ್ಡದಾಗಿ ಕುಂಕುಮ ಹಚ್ಚಿಕೊಂಡು ಹೊಸ್ತಿಲ ಮೇಲೆ ನಿಂತು, "ಅದಾರ್ರಿ, ಒಳಗ ಚಾ ಕುಡ್ಯಾಕತ್ತಾರ. ಕೆಳಗ ಏನ್ ಬರದೈತಿ ಓದ್ರಿ ಮೊದಲ" ಎಂದು ಒಬ್ಬೊಬ್ಬರಿಗೂ ಹೇಳಿದಳು. ಹಾಗಾಗಿ ನಿನ್ನ ಮೂರು ಸಾಲುಗಳನ್ನು ಊರಲ್ಲಿ ಓದದೆ ಬಿಟ್ಟವರಿಲ್ಲ. ದಾದಾಸಾಬ ತಂದ ಮಾಲೆ ವ್ಯರ್ಥವಾಗಬಾರದೆಂದು ಅಂಗಡಿಯ ದೇವರ ಪಟಕ್ಕೆ ಹಾಕಿದೆ.

ಇವತ್ತು ಮಂಗಳವಾರ. ಸುತಳಿ ಕೊಯ್ಯುವ ಅವಸರದಲ್ಲಿ ಎರಡು ಪೇಪರ್ ಹರಿದವು. ಐದನೇ ಪುಟ ತೆಗೆದೆ. ನಿನ್ನ ವರದಿ ಬಂದಿದೆ ನಾಗೂ. ಕತ್ತರಿಸಿ ಸಣ್ಣದು ಮಾಡಿದ್ದಾರೆ, ಕೆಳಗಿನ ಮೂಲೆಗೆ ತಳ್ಳಿದ್ದಾರೆ, ನಿನ್ನ ಹೆಸರಿಲ್ಲ. ಆದರೆ "ಹೊರಗಿನಿಂದ ನೋಡಿದರೆ ಪೈರು ಆಳೆತ್ತರ, ಸುಲಿದರೆ ಬರೀ ಬೆಂಡು" ಎಂಬ ಮಾತು ಹಾಗೇ ಉಳಿದಿದೆ. ಫಕ್ಕೀರಸಾಬನ ಹೆಸರೂ ಇದೆ. ಹಾಗಾದರೆ ಅವನು ಮತ್ತೆ ಒಪ್ಪಿದ. ನೀನು ಬರೆಯಲಿಲ್ಲ, ನಾನೇ ಓದಿ ತಿಳಿದೆ.

ದುರ್ಗೇಶ ನನ್ನ ಕಟ್ಟೆಗೆ ಬರಲಿಲ್ಲ. ದೂರದಿಂದಲೇ ಕೈ ಎತ್ತಿ ಹೋದ. ಕಂಪನಿಯವರು ವಕೀಲರ ನೋಟಿಸ್ ಕಳಿಸುತ್ತಾರೆಂದು ಮಾತು. ವಿಜ್ಞಾನಿಗಳು ಬರೆದುಕೊಟ್ಟದ್ದರ ಪ್ರತಿಯನ್ನು ಒಳ್ಳೆಯ ಕಡೆ ಇಡು. ನನ್ನ ಹೆದರಿಕೆ ನಿಲ್ಲುವಂಥದಲ್ಲ.

ಸಕೀನಾಬಿ ಮಧ್ಯಾಹ್ನ ಫೋನ್ ಮಾಡಿ ಚಿಗವ್ವನನ್ನು ಕೇಳಿದಳಂತೆ, ಅಕ್ಕಾರು ಪೇಪರಿನಲ್ಲೇ ಇರುತ್ತಾರೋ ಬಿಡುತ್ತಾರೋ ಎಂದು. ಭರಮವ್ವ ನನ್ನ ಮುಖ ನೋಡಿದಳು. ಯಾರ ಕಿವಿಗೂ ಹಾಕಬೇಡ ಎಂದಿದ್ದೆಯಲ್ಲ, ನಾನು ಹೂಂ ಕೂಡ ಅನ್ನಲಿಲ್ಲ.

ಬರುವ ಜೂನ್ ತನಕ ಗಂಟು ಬಿಚ್ಚಿದ ಕೂಡಲೇ ಐದನೇ ಪುಟ ತೆಗೆಯುತ್ತೇನೆ. ಆಮೇಲೆ ಎಲ್ಲರಂತೆ ಮೊದಲನೇ ಪುಟದಿಂದ ಓದುವುದನ್ನು ಕಲಿಯಬೇಕು.

ದೀಪಾವಳಿಗೆ ಬಾ. ಚಪ್ಪಲಿಯನ್ನು ಚಿಗವ್ವ ಇನ್ನೂ ಕೊಟ್ಟಿಲ್ಲ.

ನಿನ್ನ ಕಾಕಾ
ಹೊಳಿಯಪ್ಪ